ವರ್ಷಗಟ್ಟಲೆ ಮೂಲೆಯಲ್ಲಿದ್ದ ಚೈನ್‌ಸಾ ಮತ್ತೆ ಓಡಬೇಕಾದರೆ

ಹಳೆ ಚೈನ್‌ಸಾ ಕೈಗೆ ಸಿಕ್ಕಿದ ತಕ್ಷಣ ಹೆಚ್ಚಿನವರು ಮಾಡುವುದು ಒಂದೇ. ಸ್ವಲ್ಪ ಪೆಟ್ರೋಲ್ ಸುರಿದು ಹಗ್ಗ ಎಳೆಯುವುದು. ದಯವಿಟ್ಟು ಹಾಗೆ ಮಾಡಬೇಡಿ. ಸ್ಟಾರ್ಟ್ ಆಗದಿದ್ದರೆ ಭುಜ ನೋಯುತ್ತದೆ ಅಷ್ಟೆ, ಆದರೆ ಸ್ಟಾರ್ಟ್ ಆಗಿಬಿಟ್ಟರೆ ಎಂಜಿನ್ನೇ ಹೋಗಬಹುದು. ಯಾಕಂದ್ರೆ ಈ ಎಂಜಿನ್ನಿಗೆ ಪ್ರತ್ಯೇಕ ಆಯಿಲ್ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ 2ಟಿ (ಟು-ಸ್ಟ್ರೋಕ್) ಆಯಿಲೇ ಪಿಸ್ಟನ್ನಿಗೂ ಬೇರಿಂಗಿಗೂ ಹೋಗಬೇಕು. ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರ್ ಅರ್ಧ ಕಟ್ಟಿಕೊಂಡು ಪೆಟ್ರೋಲ್ ಕಡಿಮೆ ಬಿಟ್ಟರೆ ಆಯಿಲೂ ಕಡಿಮೆಯಾಯಿತು, ಗಾಳಿ ಜಾಸ್ತಿಯಾಯಿತು, ಬಿಸಿ ಏರಿತು. ಫುಲ್ ರೇಸಿನಲ್ಲಿ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಎಂಜಿನ್ ಇದು, ಇಂಥ ಸ್ಥಿತಿಯಲ್ಲಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳಲು ತುಂಬಾ ಹೊತ್ತು ಬೇಕಾಗಿಲ್ಲ. ಆದ್ದರಿಂದ ಸ್ಟಾರ್ಟ್ ಮಾಡುವುದು ಕೊನೆಯ ಕೆಲಸ. ಅದಕ್ಕೂ ಮೊದಲಿನ ಕೆಲಸಗಳನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲು ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಮತ್ತು ಚೈನ್ ಬಿಚ್ಚಿ ಪಕ್ಕಕ್ಕಿಡಿ. ಕೈ ಕುಯ್ದುಕೊಳ್ಳುವ ಭಯ ಇರುವುದಿಲ್ಲ, ಕೆಲಸವೂ ಸಲೀಸು. ಟ್ಯಾಂಕಿನಲ್ಲಿರುವ ಹಳೆ ಪೆಟ್ರೋಲನ್ನು ಬಯಲಲ್ಲಿ ಒಂದು ಡಬ್ಬಕ್ಕೆ ಸುರಿದು ಮೂಸಿ ನೋಡಿ. ಪೇಂಟ್ ಅಥವಾ ವಾರ್ನಿಷ್ ವಾಸನೆ ಬಂದರೆ ಅದು ಕೆಟ್ಟಿದೆ. ವಾಸನೆ ಚೆನ್ನಾಗಿಯೇ ಇದ್ದರೂ ಅದನ್ನು ಮತ್ತೆ ಹಾಕಬೇಡಿ, ಚರಂಡಿಗೋ ಮಣ್ಣಿಗೋ ಸುರಿಯಲೂ ಬೇಡಿ. ಆಮೇಲೆ ಮಾಡೆಲ್ ನಂಬರ್ ಹುಡುಕಿ ಬರೆದುಕೊಳ್ಳಿ. ಮುಂದೆ ಬರುವ ಪ್ರತಿ ಅಳತೆಗೂ ಆ ಮಾಡೆಲಿನ ಮ್ಯಾನುಯಲ್ಲೇ ಕೊನೆಯ ಮಾತು, ನಾನು ಕೊಡುವ ಅಂಕಿಗಳು ಸಾಮಾನ್ಯವಾಗಿ ನಡೆಯುವಂಥವು ಮಾತ್ರ.

ಸ್ಟಾರ್ಟರ್ ಕವರ್ ಮತ್ತು ಮೇಲಿನ ಕವರ್ ಬಿಚ್ಚಿ ಒಳಗೆಲ್ಲ ಬ್ರಷ್ ಆಡಿಸಿ. ಹಳೆ ಆಯಿಲಿಗೆ ಮರದ ಹೊಟ್ಟು ಅಂಟಿ ಗಟ್ಟಿಯಾಗಿ, ಸಿಲಿಂಡರಿನ ರೆಕ್ಕೆಗಳ ನಡುವೆ ಮೆತ್ತಿಕೊಂಡಿರುತ್ತದೆ. ಅಲ್ಲಿ ಗಾಳಿ ಆಡದಿದ್ದರೆ ಎಂಜಿನ್ ತಣ್ಣಗಾಗುವುದಿಲ್ಲ. ಇಲಿ ಹೊತ್ತು ತಂದ ಕಸ, ಸೈಲೆನ್ಸರಿನ ಬಾಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು, ಇವೆಲ್ಲ ಸುಮ್ನೆ ಹೇಳುವ ಮಾತಲ್ಲ, ಟಾರ್ಚ್ ಹಾಕಿ ನೋಡಿ. ಹಗ್ಗ ನೂಲೆದ್ದಿದ್ದರೆ ಈಗಲೇ ಬದಲಾಯಿಸಿ. ಆದರೆ ಹಗ್ಗದ ರಾಟೆಯ ಹಿಂದಿರುವ ಸ್ಪ್ರಿಂಗ್ ಬಿಗಿಯಾಗಿ ಸುತ್ತಿಕೊಂಡಿರುತ್ತದೆ, ಒಮ್ಮೆಲೇ ಹಾರಿದರೆ ಕಣ್ಣಿಗೆ ಹೊಡೆಯುತ್ತದೆ. ಕನ್ನಡಕ ಹಾಕಿಕೊಂಡೇ ಅದನ್ನು ಮುಟ್ಟಿ.

ಪಿಸ್ಟನ್ ನೋಡದೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ

ಸ್ಪಾರ್ಕ್ ಪ್ಲಗ್ ಬಿಚ್ಚಿ. ಆ ತೂತಿನಿಂದ ಅರ್ಧ ಚಮಚದಷ್ಟು 2ಟಿ ಆಯಿಲ್ ಬಿಟ್ಟು ಸ್ವಲ್ಪ ಹೊತ್ತು ಹಾಗೇ ಇಡಿ. ನಂತರ ಸ್ಟಾರ್ಟರ್ ಕವರ್ ಮತ್ತೆ ಕೂರಿಸಿ ಹಗ್ಗವನ್ನು ನಿಧಾನವಾಗಿ ಎಳೆಯಿರಿ. ಸರಾಗವಾಗಿ ತಿರುಗಿದರೆ ಒಳ್ಳೆಯದು. ಗರಗರ ಎಂದರೆ, ಎಲ್ಲಾದರೂ ಹಿಡಿದರೆ, ನಿಲ್ಲಿಸಿ. ಪೂರ್ತಿ ಜಾಮ್ ಆಗಿದ್ದರೆ ತುಕ್ಕು ಬಿಡಿಸುವ ಆಯಿಲನ್ನು ಸಿಲಿಂಡರಿಗೆ ಬಿಟ್ಟು ಒಂದೆರಡು ದಿನ ನೆನೆಯಲು ಬಿಡಿ. ಆಮೇಲೆ ಫ್ಲೈವೀಲನ್ನು (ಸ್ಟಾರ್ಟರ್ ಕವರಿನ ಹಿಂದಿರುವ ರೆಕ್ಕೆಯ ಚಕ್ರ) ಕೈಯಲ್ಲೇ ಹಿಡಿದು ಅತ್ತಿತ್ತ ಅಲ್ಲಾಡಿಸಿ ನೋಡಿ. ಸುತ್ತಿಗೆಯ ಸುದ್ದಿಗೇ ಹೋಗಬೇಡಿ. ಫ್ಲೈವೀಲಿನ ರೆಕ್ಕೆ ಬೇಗ ಮುರಿಯುತ್ತದೆ, ಒಂದು ರೆಕ್ಕೆ ಮುರಿದರೂ ಅದು ತೂಕ ತಪ್ಪಿ ನಡುಗುತ್ತದೆ.

ಈಗ ಸೈಲೆನ್ಸರ್ ಬಿಚ್ಚಿ. ಎರಡು ಮೂರು ಬೋಲ್ಟ್ ಅಷ್ಟೆ. ಇಡೀ ಕೆಲಸದಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಜಾಸ್ತಿ ಹೇಳುವ ಇನ್ನೊಂದು ಹೆಜ್ಜೆ ಇಲ್ಲ. ಹೊಗೆ ಹೋಗುವ ಕಿಂಡಿಯಲ್ಲಿ ಟಾರ್ಚ್ ಬಿಟ್ಟರೆ ಪಿಸ್ಟನ್ನಿನ ಪಕ್ಕೆ ಕಾಣುತ್ತದೆ. ಹಗ್ಗ ಮೆಲ್ಲಗೆ ಎಳೆಯುತ್ತಾ ಮೇಲಿಂದ ಕೆಳತನಕ ನೋಡಿ. ಅಡ್ಡಕ್ಕೆ ಸಣ್ಣ ಸಣ್ಣ ಗೆರೆ ಇದ್ದರೆ ಅದು ಕಾರ್ಖಾನೆಯಲ್ಲಿ ಬಿದ್ದ ಗುರುತು, ಪಿಸ್ಟನ್ ಚೆನ್ನಾಗಿದೆ ಎಂದರ್ಥ. ಉದ್ದಕ್ಕೆ ಆಳವಾದ ಗೀರುಗಳಿದ್ದರೆ, ಅಲ್ಯೂಮಿನಿಯಂ ಕರಗಿ ಬಳಿದ ಹಾಗಿದ್ದರೆ, ರಿಂಗ್ ಅಲ್ಲೇ ಅಂಟಿಕೊಂಡಿದ್ದರೆ, ಈ ಎಂಜಿನ್ ಹಿಂದೆಯೇ ಸೀಜ್ ಆಗಿದೆ. ಆಗ ಹೊಸ ಪಿಸ್ಟನ್, ಬಹುಶಃ ಸಿಲಿಂಡರ್ ಕೂಡ ಬೇಕು. ಅಷ್ಟು ಖರ್ಚು ಮಾಡುವಷ್ಟು ಬೆಲೆ ಈ ಮಷೀನಿಗಿದೆಯಾ ಎಂದು ಈಗಲೇ ಯೋಚಿಸಿ, ಕಾರ್ಬೊರೇಟರ್ ಕಿಟ್, ಹೊಸ ಚೈನ್ ಎಲ್ಲ ತಂದ ಮೇಲಲ್ಲ. ಸೈಲೆನ್ಸರ್ ಹೇಗೂ ಕೈಯಲ್ಲಿದೆಯಲ್ವಾ, ಅದರ ಬಾಯಲ್ಲಿರುವ ಸಣ್ಣ ಜಾಲರಿಗೆ ಕಟ್ಟಿದ ಮಸಿಯನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಅದು ಕಟ್ಟಿದರೆ ಎಂಜಿನ್ ಓಡಿದರೂ ಶಕ್ತಿ ಇರುವುದಿಲ್ಲ.

ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಲು ಗೇಜ್ ಇದ್ದರೆ ಪ್ಲಗ್ ತೂತಿಗೆ ಹಾಕಿ, ಟ್ರಿಗರ್ ಪೂರ್ತಿ ಒತ್ತಿ, ಮುಳ್ಳು ಏರುವುದು ನಿಲ್ಲುವ ತನಕ ಜೋರಾಗಿ ಎಳೆಯಿರಿ. 130 ಪಿಎಸ್ಐ ದಾಟಿದರೆ ನಿಶ್ಚಿಂತೆ, 100ಕ್ಕಿಂತ ಕೆಳಗಿದ್ದರೆ ಸ್ಟಾರ್ಟ್ ಆಗುವುದೇ ಕಷ್ಟ. ಒಳಗೆ ಈಗಷ್ಟೇ ಆಯಿಲ್ ಬಿಟ್ಟಿರುವುದರಿಂದ ಅಂಕಿ ತುಸು ಜಾಸ್ತಿ ತೋರಿಸುತ್ತದೆ, ಎಂಜಿನ್ ಓಡಿದ ಮೇಲೆ ಇನ್ನೊಮ್ಮೆ ನೋಡಿದರೆ ನಿಜ ತಿಳಿಯುತ್ತದೆ. ಗೇಜ್ ಇಲ್ಲದಿದ್ದರೆ ಪ್ಲಗ್ ಹಾಕಿ, ಬಾರ್ ಇಲ್ಲದ ಮಷೀನನ್ನು ಹಗ್ಗದ ಹಿಡಿಯಲ್ಲೇ ಮೆಲ್ಲಗೆ ತೂಗುಬಿಡಿ. ತಡೆದು ತಡೆದು ಇಳಿದರೆ ಕಂಪ್ರೆಷನ್ ಇದೆ. ಸರ್ರನೆ ಜಾರಿದರೆ ಇಲ್ಲ.

ಕಿಡಿ

ಇದು ಬೇಗ ಮುಗಿಯುವ ಭಾಗ. ಹೊಸ ಪ್ಲಗ್ ತನ್ನಿ, ಹಳೆಯದನ್ನು ಉಜ್ಜುತ್ತಾ ಕೂರಬೇಡಿ. ಗ್ಯಾಪ್ ಸಾಮಾನ್ಯವಾಗಿ 0.5 ಮಿಲಿಮೀಟರ್. ಪ್ಲಗ್ಗಿಗೆ ಕ್ಯಾಪ್ ಸಿಕ್ಕಿಸಿ, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಅದರ ಲೋಹದ ಮೈಯನ್ನು ಸಿಲಿಂಡರಿಗೆ ತಾಗಿಸಿ ನೆರಳಲ್ಲಿ ಹಗ್ಗ ಎಳೆಯಿರಿ. ಪ್ಲಗ್ ತೂತಿನಿಂದ ದೂರ ಹಿಡಿಯಿರಿ. ಒಳಗೆ ಪೆಟ್ರೋಲ್ ಆವಿ ಇದ್ದರೆ ಬೆಂಕಿ ಹತ್ತುತ್ತದೆ. ಹತ್ತಿರದಲ್ಲಿ ಪೆಟ್ರೋಲ್ ಡಬ್ಬವೂ ಇರಬಾರದು.

ಚಟ್ ಎನ್ನುವ ನೀಲಿ ಕಿಡಿ ಬಂದರೆ ಮುಂದೆ ಹೋಗಿ. ಬರದಿದ್ದರೆ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಸತ್ತಿದೆ ಎಂದು ಆಗಲೇ ತೀರ್ಮಾನಿಸಬೇಡಿ. ಕಾಯಿಲಿನಿಂದ ಆಫ್ ಸ್ವಿಚ್ಚಿಗೆ ಹೋಗುವ ಸಣ್ಣ ವೈರನ್ನು ಕಳಚಿ ಮತ್ತೆ ಎಳೆಯಿರಿ. ಈಗ ಕಿಡಿ ಬಂತೆಂದರೆ ತಪ್ಪು ಸ್ವಿಚ್ಚಿನದ್ದು, ಇಲ್ಲವೇ ಆ ವೈರ್ ಎಲ್ಲೋ ಸವೆದು ಬಾಡಿಗೆ ತಾಗುತ್ತಿದೆ. ಆಗಲೂ ಬರದಿದ್ದರೆ ಫ್ಲೈವೀಲಿನ ಮ್ಯಾಗ್ನೆಟ್ ಮತ್ತು ಕಾಯಿಲಿನ ಕಾಲುಗಳಿಗೆ ಹಿಡಿದ ತುಕ್ಕನ್ನು ನಯವಾದ ಎಮರಿ ಹಾಳೆಯಿಂದ ಉಜ್ಜಿ. ಕಾಯಿಲಿನ ಬೋಲ್ಟ್ ಲೂಸ್ ಮಾಡಿ, ಎರಡರ ನಡುವೆ ವಿಸಿಟಿಂಗ್ ಕಾರ್ಡ್ ಇಟ್ಟು, ಮ್ಯಾಗ್ನೆಟ್ ತಾನಾಗಿ ಎಳೆದುಕೊಂಡ ಮೇಲೆ ಟೈಟ್ ಮಾಡಿ ಕಾರ್ಡ್ ತೆಗೆಯಿರಿ. ಸುಮಾರು 0.3 ಮಿಲಿಮೀಟರ್ ಗ್ಯಾಪ್ ಸಿಗುತ್ತದೆ. ತುಂಬಾ ಹಳೆ ಮಾಡೆಲ್ ಆದರೆ ಫ್ಲೈವೀಲಿನ ಹಿಂದೆ ಕಾಯಿಲಿನ ಕರೆಂಟ್ ಕತ್ತರಿಸುವ ಪಾಯಿಂಟ್ ಇರುತ್ತದೆ. ಇಟ್ಟಲ್ಲೇ ಇದ್ದ ಪಾಯಿಂಟಿಗೆ ಕಿಲುಬು ಹಿಡಿಯುವುದು ಮಾಮೂಲು, ಅದನ್ನು ಉಜ್ಜಿದರೆ ಎಷ್ಟೋ ಸಲ ಕಿಡಿ ವಾಪಸ್ ಬರುತ್ತದೆ. ಇಷ್ಟೆಲ್ಲ ಆದರೂ ಇಲ್ಲ ಎಂದರೆ ಆಗ ಕಾಯಿಲ್ ಬದಲಾಯಿಸಿ.

ಪೆಟ್ರೋಲ್ ದಾರಿ: ಕೆಲಸವೆಲ್ಲ ಇಲ್ಲೇ

ಸುಮ್ಮನೆ ಇಟ್ಟ ಮಷೀನು ಓಡದಿರಲು ಕಾರಣ ಹೆಚ್ಚಾಗಿ ಇಲ್ಲೇ ಇರುತ್ತದೆ. ಪೆಟ್ರೋಲ್ ಆರಿದಾಗ ಅದರೊಳಗಿನ ಅಂಟು ಮತ್ತು ಆಯಿಲ್ ಉಳಿದು, ಕೂದಲೆಳೆಯಷ್ಟಿರುವ ತೂತುಗಳನ್ನು ಮುಚ್ಚುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲ್ ಆಗಿದ್ದರೆ ಇನ್ನೂ ಕಷ್ಟ. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ನೀರು ಜಾಸ್ತಿಯಾದಾಗ ಪೆಟ್ರೋಲಿನಿಂದ ಬೇರೆಯಾಗಿ ತಳದಲ್ಲಿ ನಿಲ್ಲುತ್ತದೆ. ಫಿಲ್ಟರ್ ಇರುವುದೂ ಅದೇ ತಳದಲ್ಲಿ. ಕಾರ್ಬೊರೇಟರಿನ ಒಳಗೆ ಬಿಳಿ ಪುಡಿ, ಹಸಿರು ಕಿಲುಬು ಕಂಡರೆ ಅದು ಇದರ ಕೆಲಸ. ಹಳೆ ಕಾಲದ ರಬ್ಬರ್ ಪೈಪನ್ನೂ ಅದು ಕೆಡಿಸುತ್ತದೆ.

ಹಾಗಾಗಿ ಮೊದಲು ಪೈಪ್. ಟ್ಯಾಂಕಿನ ಬಾಯಿಂದ ಬಗ್ಗಿಸಿದ ತಂತಿ ಇಳಿಸಿ ಫಿಲ್ಟರನ್ನು ಹೊರಗೆಳೆಯಿರಿ. ಪೈಪನ್ನು ಬೆರಳಲ್ಲಿ ಮಡಚಿ ನೋಡಿ. ಕಡ್ಡಿಯಂತೆ ಗಟ್ಟಿಯಾಗಿದ್ದರೂ ಹೋಯಿತು, ಅಂಟಂಟಾಗಿ ಮೆತ್ತಗಾಗಿದ್ದರೂ ಹೋಯಿತು. ಟ್ಯಾಂಕಿನ ಗೋಡೆ ತೂರಿ ಬರುವ ಜಾಗದಲ್ಲಿ ಸಣ್ಣ ಬಿರುಕು ಬಿಟ್ಟಿರುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ, ಪೆಟ್ರೋಲ್ ಬದಲು ಗಾಳಿ ಎಳೆಯುತ್ತಿರುತ್ತದೆ. ನನ್ನನ್ನು ಕೇಳಿದರೆ ಪರೀಕ್ಷೆಯೇ ಬೇಡ. ಪೈಪ್ ಮತ್ತು ಫಿಲ್ಟರ್ ಎರಡನ್ನೂ ಕಣ್ಣು ಮುಚ್ಚಿ ಹೊಸದು ಹಾಕಿ, ಬೆಲೆಯೂ ಕಡಿಮೆ. ಕೈಯಲ್ಲಿ ಒತ್ತುವ ಪ್ರೈಮರ್ ಗುಳ್ಳೆ ಇದ್ದು ಅದು ಬಿರಿದಿದ್ದರೆ ಅದೂ ಹೊಸದೇ ಬೇಕು. ಟ್ಯಾಂಕಿಗೆ ಗಾಳಿ ಒಳಬರುವ ಸಣ್ಣ ವೆಂಟ್ ಎಲ್ಲಿದೆ ಎಂದೂ ನೋಡಿ ಸ್ವಚ್ಛ ಮಾಡಿ. ಅದು ಕಟ್ಟಿದ್ದರೆ ಮಷೀನು ಚೆನ್ನಾಗಿ ಸ್ಟಾರ್ಟ್ ಆಗಿ ಕೆಲವು ನಿಮಿಷದಲ್ಲಿ ಸೊರಗಿ ನಿಲ್ಲುತ್ತದೆ, ಕ್ಯಾಪ್ ಲೂಸ್ ಮಾಡಿದ ಕೂಡಲೇ ಮತ್ತೆ ಓಡುತ್ತದೆ.

ಇನ್ನು ಕಾರ್ಬೊರೇಟರ್. ಬೈಕಿನದ್ದರಂತೆ ಇದರಲ್ಲಿ ಫ್ಲೋಟ್ ಇಲ್ಲ, ಮಷೀನನ್ನು ಹೇಗೆ ಮಗುಚಿದರೂ ಓಡಬೇಕಲ್ಲ. ಅದರ ಬದಲು ಎರಡು ತೆಳು ಡಯಾಫ್ರಮ್ ಇವೆ. ಒಂದು ಎಂಜಿನ್ನಿನ ಒತ್ತಡದಿಂದ ಮಿಡಿಯುತ್ತಾ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಇನ್ನೊಂದು ಸಣ್ಣ ಲಿವರ್ ಒತ್ತಿ ಸೂಜಿಯನ್ನು ಎಬ್ಬಿಸಿ ಬೇಕಾದಷ್ಟೇ ಒಳಗೆ ಬಿಡುತ್ತದೆ. ವರ್ಷಗಟ್ಟಲೆ ಆರಿದ ಡಯಾಫ್ರಮ್ ಗರಿಗರಿಯಾಗಿ ಬಿಡುತ್ತದೆ. ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಒತ್ತಿದರೆ ಕಾಗದದ ಸದ್ದು ಬರುತ್ತದೆ. ಅಂಥದ್ದನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ, ಕಿಟ್ ತಂದು ಬದಲಾಯಿಸಬೇಕು. ಕಿಟ್ ಕೊಳ್ಳುವಾಗ ಚೈನ್‌ಸಾದ ಹೆಸರಿಗಿಂತ ಕಾರ್ಬೊರೇಟರಿನ ಮೈಮೇಲಿರುವ ನಂಬರ್ ಮುಖ್ಯ. ಹೆಚ್ಚಿನವು ವಾಲ್ಬ್ರೊ, ಜಾಮಾ ಅಥವಾ ಟಿಲಟ್ಸನ್ ಕಂಪನಿಯವಾಗಿರುತ್ತವೆ.

ಬಿಚ್ಚುವ ಮೊದಲು ಎಚ್ ಮತ್ತು ಎಲ್ ಸ್ಕ್ರೂಗಳನ್ನು (ಎಚ್ ಫುಲ್ ರೇಸಿನ, ಎಲ್ ಐಡ್ಲಿಂಗಿನ ಪೆಟ್ರೋಲ್ ಅಳತೆಗೆ) ಒಳಗೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ತಳ ಮುಟ್ಟಿತು ಎಂದು ಬರೆದುಕೊಳ್ಳಿ. ತಳ ಮುಟ್ಟಿದ ಮೇಲೆ ಒತ್ತಬೇಡಿ, ಸೂಜಿಯ ತುದಿ ಕೆಟ್ಟರೆ ಮುಂದೆ ಟ್ಯೂನಿಂಗ್ ಕೂರುವುದೇ ಇಲ್ಲ. ಪ್ರತಿ ಹಂತದಲ್ಲೂ ಫೋನಿನಲ್ಲಿ ಫೋಟೋ ತೆಗೆಯಿರಿ. ಗ್ಯಾಸ್ಕೆಟ್ ಮೇಲೋ ಡಯಾಫ್ರಮ್ ಮೇಲೋ ಎನ್ನುವುದು ಎರಡು ಬದಿಯಲ್ಲೂ ಒಂದೇ ಥರ ಇರುವುದಿಲ್ಲ, ಅದಲುಬದಲಾದರೆ ಹೊಸ ಕಿಟ್ ಹಾಕಿಯೂ ಓಡುವುದಿಲ್ಲ. ಪಂಪ್ ಬದಿಯಲ್ಲಿ ಉಗುರಿಗಿಂತ ಸಣ್ಣದಾದ ಒಂದು ಜಾಲರಿ ಫಿಲ್ಟರ್ ಕೂತಿರುತ್ತದೆ. ತುಂಬಾ ಜನ ಅದನ್ನು ನೋಡುವುದೇ ಇಲ್ಲ, ಎಷ್ಟೋ ಸಲ ಇಡೀ ರಗಳೆಗೆ ಅದೊಂದೇ ಕಾರಣ. ಲಿವರಿನ ಎತ್ತರ ಎಷ್ಟಿತ್ತೋ ಹೊಸ ಸೂಜಿ ಹಾಕಿದ ಮೇಲೂ ಅಷ್ಟೇ ಇರಲಿ. ಎತ್ತರ ಜಾಸ್ತಿಯಾದರೆ ಪೆಟ್ರೋಲ್ ತುಂಬಿ ಪ್ಲಗ್ ಒದ್ದೆಯಾಗುತ್ತದೆ. ಕಡಿಮೆಯಾದರೆ ಎಂಜಿನ್ ಹಸಿದು ಬಿಸಿಯಾಗುತ್ತದೆ.

ರಬ್ಬರ್ ಭಾಗಗಳನ್ನೆಲ್ಲ ತೆಗೆದ ಮೇಲೆ ಮಾತ್ರ ಕಾರ್ಬೊರೇಟರ್ ಕ್ಲೀನರ್ ಹೊಡೆಯಿರಿ, ಪ್ರತಿ ತೂತಿಗೂ. ಒಂದರಲ್ಲಿ ಹೊಡೆದರೆ ಇನ್ನೊಂದರಲ್ಲಿ ಚಿಮ್ಮಿ ಬರಬೇಕು, ಕೆಲವೊಮ್ಮೆ ನೇರ ಕಣ್ಣಿಗೇ ಬರುತ್ತದೆ, ಕನ್ನಡಕ ತೆಗೆಯಬೇಡಿ. ಸ್ಟೀಲ್ ತಂತಿ ತುರುಕಬೇಡಿ, ತೂತು ಒಂಚೂರು ದೊಡ್ಡದಾದರೂ ಲೆಕ್ಕ ತಪ್ಪುತ್ತದೆ. ಕಂಪ್ರೆಸರ್ ಗಾಳಿಯನ್ನೂ ಮೆಲ್ಲಗೆ ಬಿಡಿ, ಒಳಗಿನ ಪುಟ್ಟ ವಾಲ್ವ್ ಹಾರಿಹೋಗಬಹುದು. ಕಿಲುಬು ಲೋಹವನ್ನೇ ತಿಂದು ಗುಳಿ ಮಾಡಿದ್ದರೆ ಜೀವ ತೇಯಬೇಡಿ, ಹೊಸ ಕಾರ್ಬೊರೇಟರ್ ಹಾಕಿ.

ವಾಪಸ್ ಕೂರಿಸುವಾಗ ಕಾರ್ಬೊರೇಟರಿಗೂ ಸಿಲಿಂಡರಿಗೂ ನಡುವಿನ ರಬ್ಬರ್ ಬೂಟನ್ನು ಬಗ್ಗಿಸಿ ಹಿಗ್ಗಿಸಿ ನೋಡಿ. ಅದರಲ್ಲಿ ಬಿರುಕಿದ್ದರೆ ಎಂಜಿನ್ ಕಳ್ಳಗಾಳಿ ಎಳೆಯುತ್ತದೆ. ಕ್ರ್ಯಾಂಕಿನ ಎರಡೂ ತುದಿಯ ಆಯಿಲ್ ಸೀಲ್ ಗಟ್ಟಿಯಾದರೂ ಇದೇ ಕಥೆ. ಟ್ರಿಗರ್ ಬಿಟ್ಟರೂ ರೇಸ್ ಇಳಿಯದೆ ಕಿರುಚುತ್ತಿದ್ದರೆ, ಐಡ್ಲಿಂಗ್ ಒಮ್ಮೆ ಏರಿ ಒಮ್ಮೆ ಬಿದ್ದು ಆಟ ಆಡುತ್ತಿದ್ದರೆ ಸ್ಕ್ರೂ ತಿರುಗಿಸಿ ಮುಚ್ಚಿಹಾಕಬೇಡಿ, ಎಂಜಿನ್ ಆಫ್ ಮಾಡಿ. ಪ್ರೆಷರ್ ಮತ್ತು ವ್ಯಾಕ್ಯೂಮ್ ಟೆಸ್ಟ್ ಮಾಡುವ ಮೆಕ್ಯಾನಿಕ್ ಹತ್ತಿರ ಹೋಗಲು ಇದು ಸರಿಯಾದ ಕಾರಣ. ಏರ್ ಫಿಲ್ಟರ್ ಸ್ಪಂಜಿನದ್ದಾಗಿದ್ದು ಪುಡಿ ಉದುರುತ್ತಿದ್ದರೆ ಎಸೆಯಿರಿ, ಆ ಪುಡಿ ನೇರ ಸಿಲಿಂಡರಿಗೆ ಹೋಗುತ್ತದೆ. ನೈಲಾನ್ ಜಾಲರಿಯದ್ದಾದರೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿ.

ಪೆಟ್ರೋಲ್ ಹೊಸದೇ ಆಗಬೇಕು. ಸಾಧ್ಯವಾದರೆ ಎಥನಾಲ್ ಇಲ್ಲದ್ದು. 2ಟಿ ಆಯಿಲ್ ಗಾಳಿಯಲ್ಲಿ ತಣಿಯುವ ಎಂಜಿನ್ನಿನದ್ದಾಗಿರಲಿ, ಡಬ್ಬದ ಮೇಲೆ ಜಾಸೊ ಎಫ್‌ಡಿ ಎಂಬ ಗುಣಮಟ್ಟದ ಗುರುತಿದ್ದರೆ ಉತ್ತಮ. ದೋಣಿ ಎಂಜಿನ್ನಿನ ಟಿಸಿ-ಡಬ್ಲ್ಯು3 ಆಯಿಲ್ ನೀರಲ್ಲಿ ತಣಿಯುವ ಎಂಜಿನ್ನಿಗೆ ಮಾಡಿದ್ದು, ಇದಕ್ಕೆ ಬೇಡ. 50ಕ್ಕೆ 1 ಎಂದರೆ ಲೀಟರಿಗೆ 20 ಮಿಲಿ, 40ಕ್ಕೆ 1 ಎಂದರೆ 25 ಮಿಲಿ, 25ಕ್ಕೆ 1 ಎಂದರೆ 40 ಮಿಲಿ. ಹಳೆ ಮಾಡೆಲ್‌ಗಳು ಹೆಚ್ಚು ಆಯಿಲ್ ಕೇಳುತ್ತವೆ, ಆದ್ದರಿಂದ ಅಂದಾಜಿಗೆ ಸುರಿಯದೆ ಮ್ಯಾನುಯಲ್ ನೋಡಿ. ಬೇರೆ ಡಬ್ಬದಲ್ಲಿ ಕಲಸಿ ಕುಲುಕಿ ಆಮೇಲೆ ಟ್ಯಾಂಕಿಗೆ ಹಾಕಿ. ಒಂದು ತಿಂಗಳಲ್ಲಿ ಮುಗಿಯುವಷ್ಟೇ ಕಲಸಿ.

ಬಾರ್, ಚೈನ್, ಬ್ರೇಕ್

ಚೈನಿಗೆ ಹೋಗುವ ಬಾರ್ ಆಯಿಲಿನ ಟ್ಯಾಂಕಿನಲ್ಲೂ ಹಳೆಯದು ಬೆಲ್ಲದ ಪಾಕದಂತೆ ಕೂತಿರುತ್ತದೆ. ಖಾಲಿ ಮಾಡಿ, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಕುಲುಕಿ ತೆಗೆದು, ಹೊಸ ಬಾರ್ ಆಯಿಲ್ ತುಂಬಿ. ಎಂಜಿನ್ನಿನಿಂದ ತೆಗೆದ ಕರಿ ಆಯಿಲ್ ಮಾತ್ರ ಬೇಡ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಚೈನಿಗೆ ಅಂಟಿ ನಿಲ್ಲುವುದಿಲ್ಲ, ಕೈಗೂ ಮುಖಕ್ಕೂ ಹಾರುತ್ತದೆ. ಬಾರಿನ ಅಂಚಿನಲ್ಲಿ ಚೈನ್ ಓಡುವ ಸೀಳನ್ನು ಬುಡದಿಂದ ತುದಿಯವರೆಗೆ ಕೆರೆದು, ಆಯಿಲ್ ಬರುವ ಸಣ್ಣ ತೂತನ್ನು ಬಿಡಿಸಿ. ಅಂಚಿನಲ್ಲಿ ಮುಳ್ಳು ಎದ್ದಿದ್ದರೆ ಚಪ್ಪಟೆ ಅರದಿಂದ ಉಜ್ಜಿ, ಬಾರನ್ನು ಮಗುಚಿ ಹಾಕಿ. ಕ್ಲಚ್ ಬಿಚ್ಚಬೇಕಾಗಿ ಬಂದರೆ ಹೆಚ್ಚಿನ ಮಷೀನುಗಳಲ್ಲಿ ಅದು ಉಲ್ಟಾ ಮರೆ (ಥ್ರೆಡ್), ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ.

ಚೈನಿಗೆ ತೆಳುವಾಗಿ ತುಕ್ಕಿದ್ದರೆ ಆಯಿಲಲ್ಲಿ ರಾತ್ರಿಯಿಡೀ ನೆನೆಸಿ, ಪ್ರತಿ ಕೊಂಡಿಯನ್ನೂ ಮಡಚಿ ನೋಡಿ. ಬಿಗಿಯಾದ ಕೊಂಡಿ ಉಳಿದರೆ, ಹಲ್ಲಿಗೆ ಗುಳಿ ಬಿದ್ದಿದ್ದರೆ ಹೊಸ ಚೈನ್ ಹಾಕಿ. ಪಿಚ್ (ಕೊಂಡಿಗಳ ಅಂತರ), ಗೇಜ್ (ಬಾರಿನ ಸೀಳಿನೊಳಗೆ ಓಡುವ ಡ್ರೈವ್ ಲಿಂಕಿನ ದಪ್ಪ), ಡ್ರೈವ್ ಲಿಂಕುಗಳ ಸಂಖ್ಯೆ, ಈ ಮೂರೂ ಹೊಂದಬೇಕು. ಸಾಮಾನ್ಯವಾಗಿ ಬಾರಿನ ಬುಡದಲ್ಲೇ ಕೆತ್ತಿರುತ್ತಾರೆ. ಹಳೆಯದೇ ಸಾಕೆಂದರೆ ದುಂಡು ಅರದಿಂದ ಹರಿತ ಮಾಡಿ. 0.325 ಇಂಚಿನ ಪಿಚ್ಚಿಗೆ 4.8 ಮಿಲಿಮೀಟರ್ ಅರ, ಸಣ್ಣ ಮಷೀನಿನ ಹೆಚ್ಚಿನ ಲೋ ಪ್ರೊಫೈಲ್ (ತಗ್ಗು ಹಲ್ಲಿನ) ಚೈನುಗಳಿಗೆ 4 ಮಿಲಿಮೀಟರ್. ಬಿಗಿ ಎಷ್ಟಿರಬೇಕೆಂದರೆ, ಚೈನ್ ಬಾರಿನ ಕೆಳಗೆ ಜೋತುಬೀಳಬಾರದು, ಗ್ಲೌಸ್ ಹಾಕಿದ ಕೈಯಲ್ಲಿ ಎಳೆದರೆ ಸಲೀಸಾಗಿ ಸುತ್ತಬೇಕು.

ಚೈನ್ ಬ್ರೇಕಿನ (ಮುಂದಿನ ಹಿಡಿಯ ಎದುರಿರುವ ಗಾರ್ಡ್ ತಳ್ಳಿದರೆ ಚೈನ್ ನಿಲ್ಲಿಸುವುದು) ವಿಷಯದಲ್ಲಿ ರಾಜಿಯೇ ಇಲ್ಲ. ಬಾರಿನ ತುದಿ ಮರಕ್ಕೆ ತಾಗಿ ಮಷೀನು ಮುಖದ ಕಡೆ ಚಿಮ್ಮುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ, ಆಗ ಉಳಿಸುವುದು ಅದೊಂದೇ. ಒಳಗಿನ ಪಟ್ಟಿ ಸವೆದಿದೆಯಾ, ತುಕ್ಕು ಹಿಡಿದಿದೆಯಾ, ಸ್ಪ್ರಿಂಗ್ ಟಕ್ಕೆಂದು ಬೀಳುತ್ತದೆಯಾ ನೋಡಿ. ಬ್ರೇಕೇ ಇಲ್ಲದಷ್ಟು ಹಳೆಯ ಮಾಡೆಲ್ ಆದರೆ ಓಡುವಂತೆ ಮಾಡಿ, ಜತನವಾಗಿ ಇಟ್ಟುಕೊಳ್ಳಿ. ಮರ ಕೊಯ್ಯಲು ಬೇರೆಯದನ್ನು ಬಳಸಿ.

ಈಗ ಹಗ್ಗ ಎಳೆಯಿರಿ

ಬಾರ್, ಚೈನ್ ಹಾಕಿಯೇ ಸ್ಟಾರ್ಟ್ ಮಾಡಬೇಕು, ಟ್ಯೂನಿಂಗೂ ಹಾಗೇ. ಪೆಟ್ರೋಲ್ ತುಂಬಿದ ಜಾಗದಿಂದ ನಾಲ್ಕು ಹೆಜ್ಜೆ ದೂರ, ಬಯಲಲ್ಲಿ, ಮಷೀನನ್ನು ನೆಲದ ಮೇಲಿಡಿ. ಚೈನ್ ಬ್ರೇಕ್ ಹಾಕಿ. ಬೂಟಿನ ತುದಿ ಹಿಂದಿನ ಹಿಡಿಯೊಳಗೆ, ಎಡಗೈ ಮುಂದಿನ ಹಿಡಿಯ ಮೇಲೆ. ಗಾಳಿಯಲ್ಲಿ ಹಿಡಿದು ಕೆಳಗೆ ಬಿಡುತ್ತಾ ಎಳೆಯುವ ಶೋಕಿ ಬೇಡ. ಕಿವಿಗೆ, ಕಣ್ಣಿಗೆ, ಕಾಲಿಗೆ ರಕ್ಷಣೆ ಇರಲಿ.

ಎಚ್ ಮತ್ತು ಎಲ್ ಎರಡನ್ನೂ ತಳದಿಂದ ಒಂದು ಸುತ್ತು ಹೊರಗೆ ತಂದಿಟ್ಟರೆ ಹೆಚ್ಚಿನವು ಸ್ಟಾರ್ಟ್ ಆಗುತ್ತವೆ. ಚೋಕ್ ಹಾಕಿ ಎಳೆಯಿರಿ. ಒಮ್ಮೆ ಕೆಮ್ಮಿದ ಸದ್ದು ಬಂದ ಕೂಡಲೇ ಅರ್ಧ ಚೋಕಿಗೆ ತಂದು ಮತ್ತೆ ಎಳೆಯಿರಿ. ಆ ಮೊದಲ ಕೆಮ್ಮು ಕೇಳಿಸದೆ ಚೋಕಿನಲ್ಲೇ ಎಳೆಯುತ್ತಾ ಹೋದರೆ ಪೆಟ್ರೋಲ್ ತುಂಬಿಕೊಳ್ಳುತ್ತದೆ. ಆಗ ಪ್ಲಗ್ ಬಿಚ್ಚಿ ಒರೆಸಿ, ಚೋಕ್ ತೆಗೆದು, ಸ್ವಿಚ್ ಆಫ್ ಮಾಡಿ ಹತ್ತಾರು ಸಲ ಎಳೆದು ಒಣಗಿಸಿ. ಪ್ಲಗ್ ಪೂರ್ತಿ ಒಣಗಿಯೇ ಇದ್ದರೆ ಕಲಸಿದ ಪೆಟ್ರೋಲನ್ನು ಕೆಲವು ಹನಿ ಪ್ಲಗ್ ತೂತಿಗೆ ಬಿಟ್ಟು, ಪ್ಲಗ್ ಹಾಕಿ ಎಳೆಯಿರಿ. ಒಂದು ಕ್ಷಣ ಓಡಿ ನಿಂತರೆ ಎಂಜಿನ್ ಚೆನ್ನಾಗಿದೆ, ಪೆಟ್ರೋಲ್ ಇನ್ನೂ ಬರುತ್ತಿಲ್ಲ, ಮತ್ತೆ ಕಾರ್ಬೊರೇಟರಿಗೆ ಹೋಗಿ.

ಓಡಲು ಶುರುವಾದರೆ ಟ್ರಿಗರ್ ಒಮ್ಮೆ ಒತ್ತಿ ಬಿಟ್ಟು ಐಡ್ಲಿಂಗಿಗೆ ತನ್ನಿ, ಬ್ರೇಕ್ ಬಿಡಿಸಿ, ಕೆಲವು ನಿಮಿಷ ಬಿಸಿಯಾಗಲು ಬಿಡಿ. ಮೊದಲು ಸಿಲಿಂಡರಿಗೆ ಹಾಕಿದ ಆಯಿಲ್ ಉರಿದು ಹೊಗೆ ಬರುತ್ತದೆ, ಗಾಬರಿ ಬೇಡ. ಎಲ್ ಸ್ಕ್ರೂವನ್ನು ಮೆಲ್ಲಗೆ ತಿರುಗಿಸಿ ಐಡ್ಲಿಂಗ್ ಅತಿ ಹೆಚ್ಚಿಗೆ ಬರುವ ಜಾಗ ಹುಡುಕಿ, ಅಲ್ಲಿಂದ ಎಂಟನೇ ಒಂದು ಸುತ್ತಿನಷ್ಟು ಹೊರಗೆ ತನ್ನಿ. ಟ್ರಿಗರ್ ಒತ್ತಿದಾಗ ಮುಗ್ಗರಿಸದೆ ಏರಬೇಕು. ಮುಗ್ಗರಿಸಿದರೆ ಇನ್ನೂ ಕೂದಲಷ್ಟು ಹೊರಗೆ. ಆಮೇಲೆ ಐಡ್ಲಿಂಗ್ ಸ್ಕ್ರೂ ಇಳಿಸಿ. ಐಡ್ಲಿಂಗಿನಲ್ಲಿ ಚೈನ್ ಅಲುಗಾಡಬಾರದು. ಎಷ್ಟು ಇಳಿಸಿದರೂ ತಿರುಗುತ್ತಿದ್ದರೆ ಕ್ಲಚ್ ಸ್ಪ್ರಿಂಗ್ ನೋಡಿ.

ಎಚ್ ಸ್ಕ್ರೂನಲ್ಲಿ ಆಸೆಪಡಬೇಡಿ. ಒಳಗೆ ತಿರುಗಿಸಿದಷ್ಟೂ ಸದ್ದು ಚುರುಕಾಗುತ್ತದೆ, ಶಕ್ತಿ ಬಂದ ಹಾಗೆ ಅನಿಸುತ್ತದೆ, ಪಿಸ್ಟನ್ ಸಾಯುವುದೂ ಅಲ್ಲೇ. ಮರಕ್ಕೆ ತಾಗಿಸದೆ ಫುಲ್ ರೇಸ್ ಕೊಟ್ಟಾಗ ಸದ್ದು ಸ್ವಲ್ಪ ಒಡಕಾಗಿ ತೊದಲಬೇಕು, ಮರ ಕೊಯ್ಯುವಾಗ ಆ ತೊದಲು ಹೋಗಿ ನಯವಾಗಬೇಕು. ಖಾಲಿಯಲ್ಲೇ ಶಿಳ್ಳೆಯಂತೆ ಕಿರುಚಿದರೆ ತಕ್ಷಣ ಹೊರಗೆ ತಿರುಗಿಸಿ. ಟ್ಯಾಕೋಮೀಟರ್ ಇದ್ದರೆ ಮ್ಯಾನುಯಲ್ಲಿನ ಗರಿಷ್ಠ ಅಂಕಿ ದಾಟದಂತೆ ಇಡಿ. ತಾವೇ ಟ್ಯೂನ್ ಮಾಡಿಕೊಳ್ಳುವ ಎಂ-ಟ್ರಾನಿಕ್, ಆಟೊಟ್ಯೂನ್ ಥರದ ಹೊಸ ಮಾಡೆಲ್‌ಗಳಲ್ಲಿ ಈ ಸ್ಕ್ರೂಗಳು ಇರುವುದಿಲ್ಲ.

ಬಾರಿನ ತುದಿಯನ್ನು ಒಂದು ರಟ್ಟಿನ ಕಡೆ ತೋರಿಸಿ ರೇಸ್ ಕೊಡಿ, ಆಯಿಲಿನ ಸಣ್ಣ ಗೆರೆ ಬಿದ್ದರೆ ಪಂಪ್ ಕೆಲಸ ಮಾಡುತ್ತಿದೆ. ಬೀಳದಿದ್ದರೆ ಕೊಯ್ಯಬೇಡಿ. ರೇಸ್‌ನಲ್ಲಿದ್ದಾಗಲೇ ಎಡಗೈಯನ್ನು ಹಿಡಿಯಿಂದ ತೆಗೆಯದೆ ಮಣಿಕಟ್ಟಿನಿಂದ ಬ್ರೇಕ್ ತಳ್ಳಿ, ಚೈನ್ ಅಲ್ಲೇ ನಿಲ್ಲಬೇಕು.

ಮೊದಲ ಟ್ಯಾಂಕ್ ಮುಗಿಯುವ ತನಕ ಸಣ್ಣ ಕೊಂಬೆಗಳನ್ನೇ ಕೊಯ್ಯಿರಿ. ತಣ್ಣಗಾದ ಮೇಲೆ ಸೈಲೆನ್ಸರ್ ಬೋಲ್ಟುಗಳನ್ನು ಇನ್ನೊಮ್ಮೆ ಟೈಟ್ ಮಾಡಿ, ಚೈನಿನ ಬಿಗಿ ಸರಿಮಾಡಿ, ಪ್ಲಗ್ ತೆಗೆದು ನೋಡಿ. ಕಂದು ಬಣ್ಣವಿದ್ದರೆ ಸರಿ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಒದ್ದೆಯಾಗಿ ಕಪ್ಪಗಿದ್ದರೆ ಜಾಸ್ತಿಯಾಗಿದೆ. ಮತ್ತೆ ಒಂದೆರಡು ತಿಂಗಳು ಮುಟ್ಟುವುದಿಲ್ಲ ಎಂದಾದರೆ ಟ್ಯಾಂಕ್ ಖಾಲಿ ಮಾಡಿ, ಐಡ್ಲಿಂಗಿನಲ್ಲಿ ತಾನಾಗಿ ನಿಲ್ಲುವ ತನಕ ಓಡಿಸಿ, ಪ್ಲಗ್ ತೂತಿಗೆ ಕೆಲವು ಹನಿ 2ಟಿ ಆಯಿಲ್ ಬಿಟ್ಟು ಹಗ್ಗವನ್ನು ಒಂದೆರಡು ಸಲ ಮೆಲ್ಲಗೆ ಎಳೆದು ಪ್ಲಗ್ ಹಾಕಿಡಿ.